ಎರಡು ಸೆಂಟಿಮೀಟರ್ ತಾಮ್ರ: ಹೆಡ್‌ಫೋನಿಗೆ ನಾನೇ ಕೇಬಲ್ ಹಾಕಿದ ಅನುಭವ

ರಾತ್ರಿ ಹತ್ತರ ಮೇಲೆ ನಾನು ಹಾಡುವ ಅಭ್ಯಾಸಕ್ಕೆ ಕೂರುತ್ತೇನೆ. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ತಂಬೂರಿ ಹೆಡ್‌ಫೋನಿನಲ್ಲಿ, ದನಿ ಮೆಲ್ಲಗೆ. ಒಂದು ರಾತ್ರಿ ಎಡಗಿವಿಯ ತಂಬೂರಿ ನಿಂತುಹೋಯಿತು. ಪ್ಲಗ್ ಹತ್ತಿರ ವೈರನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಹಿಡಿದರೆ ಬರುತ್ತಿತ್ತು, ಕೈ ಬಿಟ್ಟರೆ ಇಲ್ಲ. ರಬ್ಬರ್ ಬ್ಯಾಂಡ್ ಸುತ್ತಿ ಎರಡು ವಾರ ಹೇಗೋ ತಳ್ಳಿದೆ.

ರಿಪೇರಿಗೆ ಒಯ್ದರೆ, ‘ಕೇಬಲ್ ಬೇರೆ ಸಿಗಲ್ಲ, ಹೊಸ ಹೆಡ್‌ಫೋನೇ ತಗೊಳ್ಳಿ’ ಅಂದರು. ನನಗೆ ತುಂಬಾ ಸಂಕಟವಾಯಿತು. ಒಳಗಿನ ಎರಡೂ ಸ್ಪೀಕರ್ ಚೆನ್ನಾಗಿವೆ. ಹಾಳಾಗಿರುವುದು ಎರಡು ಸೆಂಟಿಮೀಟರ್ ತಾಮ್ರ. ಅಷ್ಟಕ್ಕೆ ಇಡೀ ಹೆಡ್‌ಫೋನ್ ಬಿಸಾಡುವುದು ಯಾವ ನ್ಯಾಯ? ಅವತ್ತೇ ನಿರ್ಧಾರ ಮಾಡಿದೆ.

ಹಳೇ ಪ್ಲಗ್ ಕತ್ತರಿಸಿದೆ. ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಂಥ ಎಳೆಗಳು, ಅವುಗಳ ಜೊತೆಗೆ ಒಂದಿಷ್ಟು ನೂಲು. ಎಲ್ಲವನ್ನೂ ಹೊಸೆದು ಸೋಲ್ಡರ್ ಮಾಡಲು, ಅಂದರೆ ಲೋಹ ಕರಗಿಸಿ ಬೆಸುಗೆ ಹಾಕಲು ಹೋದೆ. ಸೋಲ್ಡರ್ ಅಂಟಲೇ ಇಲ್ಲ. ಕೆಸುವಿನ ಎಲೆ ಮೇಲೆ ನೀರು ಜಾರಿದ ಹಾಗೆ ಗುಂಡಗಾಗಿ ಜಾರಿಬಿಡುತ್ತಿತ್ತು. ಮೊದಲ ದಿನ ಅಲ್ಲೇ ಸೋತೆ.

ಆ ಕೆಂಪು, ಹಸಿರು ಬಣ್ಣಗಳು ಬರೀ ಗುರುತಿಗೆ ಬಳಿದದ್ದಲ್ಲ, ಅದು ಎನಾಮಲ್. ಪ್ರತಿ ಎಳೆಗೂ ಅದೇ ಹೊದಿಕೆ, ಅದೇ ಇನ್ಸುಲೇಶನ್. ತಾಮ್ರದ ಬಣ್ಣ ಕಾಣುವ ಎಳೆಗೂ ಎಷ್ಟೋ ಸಲ ಬಣ್ಣವಿಲ್ಲದ ಎನಾಮಲ್ ಇರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅದು ಹೋಗದೆ ಬೆಸುಗೆ ಕೂರುವುದಿಲ್ಲ. ಲೈಟರಿನಲ್ಲಿ ಸುಟ್ಟು ನೋಡಿದೆ. ಎನಾಮಲ್ ಹೋಯಿತು ನಿಜ, ಆದರೆ ತಾಮ್ರವೂ ಕಪ್ಪಾಗಿ ಮುಟ್ಟಿದರೆ ಮುರಿಯುವ ಹಾಗಾಯಿತು. ಕೊನೆಗೆ ಕೈ ಹಿಡಿದ ದಾರಿ ಇದು: ಬೆಸುಗೆ ಹಾಕುವ ಬಿಸಿ ಕಡ್ಡಿಯ, ಅಂದರೆ ಐರನ್ನಿನ ತುದಿಯಲ್ಲಿ ಒಂದು ದೊಡ್ಡ ಹನಿ ಸೋಲ್ಡರ್ ಕರಗಿಸಿಕೊಳ್ಳಬೇಕು, ರೋಸಿನ್ (ಬೆಸುಗೆ ಹಿಡಿಯಲು ನೆರವಾಗುವ ರಾಳ) ಹಚ್ಚಿದ ಎಳೆಯ ತುದಿಯನ್ನು ಆ ಹನಿಯೊಳಗೇ ಮುಳುಗಿಸಿ ಹಿಡಿಯಬೇಕು. ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಕೆಲವು ಸೆಕೆಂಡಿಗೆ ಸಣ್ಣ ಹೊಗೆ ಎದ್ದು, ಎನಾಮಲ್ ಕರಟಿ, ಎಳೆ ಬೆಳ್ಳಗೆ ಹೊಳೆಯುತ್ತದೆ. ಆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟುಕೊಳ್ಳಿ.

ಅಷ್ಟರಲ್ಲಿ ಕೇಬಲ್ಲನ್ನು ಕತ್ತರಿಸಿ ಕತ್ತರಿಸಿ ಗಿಡ್ಡ ಮಾಡಿಬಿಟ್ಟಿದ್ದೆ. ಹಾಗಾದರೆ ಪೂರ್ತಿ ಹೊಸ ಕೇಬಲ್ಲನ್ನೇ ಹಾಕೋಣ ಅಂತ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೊರಟೆ. ಟೌನ್ ಹಾಲಿನಲ್ಲಿ ಬಸ್ ಇಳಿದರೆ ನಡೆದುಕೊಂಡೇ ಹೋಗಬಹುದು, ಮೆಟ್ರೋದಲ್ಲಾದರೆ ಚಿಕ್ಕಪೇಟೆ ಸ್ಟೇಷನ್. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ.

ಮೊದಲ ಸಲ ಅಲ್ಲಿ ಕೊಂಡ ಕೇಬಲ್ ಕೆಲಸಕ್ಕೆ ಬರಲಿಲ್ಲ. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ವೇದಿಕೆ ಮೈಕಿಗೆ ಹಾಕುವ 6 ಮಿಲಿಮೀಟರಿನ ಕೇಬಲ್ ತಂದೆ. 3.5 ಮಿಲಿಮೀಟರ್ ಪ್ಲಗ್ಗಿನ ಹಿಂದಿನ ತೂತಿಗೆ ಅದು ತೂರಲೇ ಇಲ್ಲ. ತೂರಿದ್ದರೂ ಕಷ್ಟವೇ. ಬಿರುಸಾದ ಕೇಬಲ್ ಬಟ್ಟೆಗೆ ಉಜ್ಜಿದರೆ ಆ ಸದ್ದು ನೇರ ಕಿವಿಗೆ ಏರುತ್ತದೆ, ಷಡ್ಜದ ಮೇಲೆ ಗರಗರ ಅಂತ ಕೇಳುತ್ತದೆ. ಎರಡನೇ ಸಲ ಪ್ಲಗ್ಗನ್ನು ಕೈಯಲ್ಲಿ ಹಿಡಿದು, ಅದರೊಳಗೆ ತೂರಿಸಿ ನೋಡಿಯೇ ಕೇಬಲ್ ಆರಿಸಿದೆ. ತೆಳು, ಮೆತ್ತಗಿನದು, ಒಳಗೆ ಎರಡು ವೈರ್, ಅವುಗಳ ಸುತ್ತ ಶೀಲ್ಡ್ ಅನ್ನುವ ಲೋಹದ ಹೊದಿಕೆ. ಬೆರಳಿಗೆ ಸುತ್ತಿ ಬಿಟ್ಟರೆ ಸುಮ್ನೆ ಬಿದ್ದುಕೊಳ್ಳಬೇಕು, ಸ್ಪ್ರಿಂಗಿನ ಹಾಗೆ ಎದ್ದು ನಿಲ್ಲಬಾರದು. ನನ್ನ ಪಾಲಿಗೆ ಇದೇ ದೊಡ್ಡ ಪರೀಕ್ಷೆ.

ದುಬಾರಿ ಕೇಬಲ್ಲಿನಿಂದ ನಾದ ಬದಲಾಗುತ್ತದಾ ಅಂತ ಗೆಳೆಯರು ಕೇಳುತ್ತಾರೆ. ನಾನು ಲೆಕ್ಕ ಹಾಕಿದೆ. 26 ಗೇಜಿನ (ಅದು ವೈರಿನ ದಪ್ಪದ ಅಳತೆ) ತಾಮ್ರದ ವೈರು ಕರೆಂಟಿಗೆ ಒಡ್ಡುವ ತಡೆ ಮೀಟರಿಗೆ ಸುಮಾರು 0.13 ಓಮ್. ಒಂದೂವರೆ ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವುದಕ್ಕೆ ಸೇರಿ 0.4 ಓಮ್. ನನ್ನ ಹೆಡ್‌ಫೋನ್ 32 ಓಮಿನದು. ಅಂದರೆ ನೂರಕ್ಕೆ ಒಂದರಷ್ಟು. ಅದನ್ನು ಕಿವಿ ಗುರುತಿಸುವುದಿಲ್ಲ. ದುಡ್ಡನ್ನು ಗಟ್ಟಿ ಪ್ಲಗ್ಗಿಗೆ ಹಾಕಿ ಅಂತಲೇ ನಾನು ಹೇಳುವುದು.

ಪ್ಲಗ್ಗಿನ ತುದಿ ಎಡಗಿವಿಗೆ, ನಡುವಿನ ಬಳೆ ಬಲಗಿವಿಗೆ, ಹಿಂದಿನ ಕೊಳವೆ ಗ್ರೌಂಡಿಗೆ. ಟಿಪ್, ರಿಂಗ್, ಸ್ಲೀವ್ ಅಂತ ಇವಕ್ಕೆ ಹೆಸರು. ಹಳೇ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳು ಚುಚ್ಚುತ್ತಿದ್ದ ಪ್ಲಗ್ಗಿನ ಮನೆತನ ಇದು. ಮೈಕ್ ಇರುವ ಫೋನ್ ಹೆಡ್‌ಸೆಟ್ಟಿನ ಪ್ಲಗ್ಗಿನಲ್ಲಿ ಇನ್ನೊಂದು ಬಳೆ ಇರುತ್ತದೆ. ನನಗೆ ಮೈಕ್ ಬೇಡವಾಗಿತ್ತು, ಮೂರೇ ಸಾಕಾಯಿತು.

ಸೋಲ್ಡರ್ ಮಾಡುವ ಮುಂಚೆಯೇ ಪ್ಲಗ್ಗಿನ ಮುಚ್ಚಳ, ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಎರಡನ್ನೂ ಕೇಬಲ್ಲಿಗೆ ಪೋಣಿಸಬೇಕು. ನಾನು ಮರೆತು, ಚೆನ್ನಾಗಿ ಕೂತಿದ್ದ ಬೆಸುಗೆಯನ್ನು ಮತ್ತೆ ಬಿಚ್ಚಬೇಕಾಯಿತು. ಇನ್ನೊಂದು ವಿಷಯ. ಐರನ್ ಬಿಸಿಗೆ ಪ್ಲಗ್ಗಿನೊಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ತುದಿ ವಾರೆಯಾಗುತ್ತದೆ. ಹಾಳಾದ ರೇಡಿಯೋದಿಂದ ತೆಗೆದ ಒಂದು ಸಾಕೆಟ್ಟಿಗೆ ಪ್ಲಗ್ಗನ್ನು ಚುಚ್ಚಿಟ್ಟು ಕೆಲಸ ಮಾಡಿದರೆ ಅದು ನೆಟ್ಟಗೂ ಇರುತ್ತದೆ, ಬಿಸಿಯೂ ಸಾಕೆಟ್ಟಿಗೆ ಇಳಿಯುತ್ತದೆ.

ಕಷ್ಟ ಇದ್ದದ್ದು ಹೆಡ್‌ಫೋನಿನ ಒಳಗಿನ ಕೆಲಸದಲ್ಲಿ. ಕಿವಿಯ ಮೆತ್ತೆ ತೆಗೆದು, ಸ್ಕ್ರೂ ಬಿಚ್ಚಿ, ಯಾವ ಬಣ್ಣ ಎಲ್ಲಿಗೆ ಹೋಗಿದೆ ಅಂತ ಮೊದಲು ಫೋಟೋ ತೆಗೆದುಕೊಂಡೆ. ನನ್ನದರಲ್ಲಿ ಕೇಬಲ್ ಎಡಕ್ಕೆ ಮಾತ್ರ ಬರುತ್ತದೆ, ಬಲಗಡೆಯ ವೈರ್ ತಲೆಪಟ್ಟಿಯೊಳಗಿಂದ ದಾಟುತ್ತದೆ. ಸ್ಪೀಕರಿನ ಹಿಂದೆ ಬಲವಾದ ಅಯಸ್ಕಾಂತ ಇದೆ. ಐರನ್ನಿನ ತುದಿಯಲ್ಲಿ ಕಬ್ಬಿಣದ ಲೇಪ ಇರುವುದರಿಂದ ಅಯಸ್ಕಾಂತ ಅದನ್ನು ಸೆಳೆಯುತ್ತದೆ. ಕೈ ಸ್ವಲ್ಪ ಸಡಿಲವಾದರೂ ತುದಿ ಹೋಗಿ ಸ್ಪೀಕರಿನ ತೆಳು ಪೊರೆಯನ್ನು ಸುಟ್ಟುಬಿಡಬಹುದು. ಮಣಿಕಟ್ಟನ್ನು ಮೇಜಿಗೆ ಒತ್ತಿಕೊಂಡು, ಒಂದು ಜಾಗಕ್ಕೆ ಎರಡು ಸೆಕೆಂಡು, ಅಷ್ಟೇ. ಅಲ್ಲೇ ಪಕ್ಕದಲ್ಲಿ ಕಾಯಿಲಿನ ಕೂದಲೆಳೆ ಕೂತಿರುತ್ತದೆ. ಅದು ಕಿತ್ತುಬಂದರೆ ಆ ಸ್ಪೀಕರ್ ಮುಗಿದಂತೆ.

ಕೇಬಲ್ ಒಳಗೆ ಬರುವ ಕಡೆ ಒಂದು ಗಂಟು ಹಾಕಿದೆ. ಹೊರಗಿನಿಂದ ಎಳೆದರೆ ಎಳೆತ ಗಂಟಿನ ಮೇಲೆ ಬೀಳುತ್ತದೆ, ಬೆಸುಗೆಗೆ ತಾಗುವುದಿಲ್ಲ. ಪ್ಲಗ್ಗಿನ ಕಡೆಗೆ ಹೀಟ್ ಶ್ರಿಂಕನ್ನು ಎರಡು ಪದರ ಹಾಕಿದೆ, ಮೇಲಿನದು ಗಿಡ್ಡ, ಒಳಗಿನದು ಉದ್ದ. ಆಗ ಬಾಗು ಒಂದೇ ಕಡೆ ಮಡಚದೆ ನಿಧಾನಕ್ಕೆ ಹರಡುತ್ತದೆ. ಕೇಬಲ್ ಸಾಯುವುದು ಬಾಗುವ ಜಾಗದಲ್ಲಿ. ನನ್ನ ಹಳೆಯದೂ ಅಲ್ಲೇ ಸತ್ತಿದ್ದು. ಅದಕ್ಕೇ ಬೆಸುಗೆಗಿಂತ ಜಾಸ್ತಿ ಹೊತ್ತು ನಾನು ಇಲ್ಲಿ ಕಳೆಯುತ್ತೇನೆ.

ವೈರುಗಳು ಸರಿಯಾಗಿ ಕೂಡಿವೆಯೇ ಅಂತ ಕೇಬಲ್ಲನ್ನು ಸ್ಪೀಕರಿಗೆ ಸೇರಿಸುವ ಮುಂಚೆಯೇ ಮಲ್ಟಿಮೀಟರಿನಲ್ಲಿ ನೋಡಬೇಕು. ಆಮೇಲೆ ನೋಡಿದರೆ ಸ್ಪೀಕರಿನ 32 ಓಮಿಗೂ ಕೆಲವು ಮೀಟರ್ ಬೀಪ್ ಅನ್ನುತ್ತವೆ, ಶಾರ್ಟ್ ಆಗಿದೆಯೇನೋ ಅಂತ ಗಾಬರಿ. ಎಲ್ಲಾ ಮುಚ್ಚಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೇ ಮೋನೋ ಮುದ್ರಿಕೆ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಕೊಡುವಂಥದ್ದು, ಹಾಕಿದೆ. ದನಿ ತಲೆಯ ನಟ್ಟನಡುವೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎರಡೂ ಬದಿಗೆ ಚದುರಿ, ಟೊಳ್ಳಾಗಿ, ತಬಲಾದ ಬಾಯಾ ತೆಳ್ಳಗೆ ಕೇಳಿಸಿತು. ಬಲಗಡೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿತ್ತು. ಮತ್ತೆ ಬಿಚ್ಚಿ ತಿರುಗಿಸಿ ಹಾಕಿದೆ. ಮನ್ಸೂರರು ನಡುವೆ ಬಂದು ನಿಂತರು. ಆ ಕ್ಷಣ ಆದ ಖುಷಿ ದೊಡ್ಡದು.

ಅಂಗಡಿಯ ಕೇಬಲ್ ನನಗೆ ಯಾವತ್ತೂ ಉದ್ದವೇ ಆಗುತ್ತಿತ್ತು, ಚಾಪೆಯ ಮೇಲೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಇದನ್ನು ನಾನು ಕೂರುವ ಜಾಗದಿಂದ ಫೋನ್ ಇಡುವ ಮಣೆಯವರೆಗೆ ಅಳೆದು, ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿದ್ದೇನೆ. ಮೂರು ವರ್ಷವಾಯಿತು. ಹೋದ ತಿಂಗಳು ಪ್ಲಗ್ ಹತ್ತಿರ ಮತ್ತೆ ಗರಗರ ಶುರುವಾಯಿತು. ಆ ಗೇಣಿನಲ್ಲಿ ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆದು, ಅದೇ ಪ್ಲಗ್ಗನ್ನು ಮತ್ತೆ ಬೆಸೆದೆ. ಹತ್ತೂವರೆಗೆ ತಂಬೂರಿ ಹಾಕಿದೆ.