ಒಂದೇ ವಂಶ, ಎರಡು ಹೆಸರು: ಕ್ವಿಬೆಕ್‌ನ ಫ್ರೆಂಚ್ ಪೂರ್ವಜರನ್ನು ಹುಡುಕುವ ಬಗೆ

ಫ್ರೆಂಚರ ಹಳೆಯ ವಸಾಹತುಗಳಲ್ಲಿ ವಂಶ ಹುಡುಕಲು ಕೆನಡಾದ ಕ್ವಿಬೆಕ್‌ನಷ್ಟು ಅನುಕೂಲದ ಜಾಗ ಅಪರೂಪ. ಕ್ವಿಬೆಕ್ ಊರಿನ ಚರ್ಚಿನ ದಾಖಲೆ 1621ರಿಂದ ಸಿಗುತ್ತದೆ. 1640ರ ಬೆಂಕಿಯಲ್ಲಿ ಸುಟ್ಟುಹೋದ ಪುಟಗಳನ್ನು ಜನರ ನೆನಪಿನಿಂದಲೇ ಮತ್ತೆ ಬರೆಸಿದರು. 1993ರ ಕೊನೆಯವರೆಗೂ ಚರ್ಚಿನ ಪುಸ್ತಕಕ್ಕೆ ಸರಕಾರಿ ದಾಖಲೆಯ ಮಾನ್ಯತೆ ಇತ್ತು. ಇಷ್ಟಿದ್ದೂ ಹುಡುಕಾಟ ಮೂರ್ನಾಲ್ಕು ತಲೆಮಾರಿಗೇ ನಿಂತುಬಿಟ್ಟರೆ, ಬಹುಪಾಲು ಅದಕ್ಕೆ ಹೆಸರಿನ ಗೊಂದಲವೇ ಕಾರಣ.

ಮದುವೆಯಿಂದ ಶುರುಮಾಡಿ

ಜನ್ಮದಿನದ ಬೆನ್ನು ಹತ್ತಬೇಡಿ. ಅಜ್ಜ-ಅಜ್ಜಿಯ ಮದುವೆ ದಾಖಲೆ ಹಿಡಿಯಿರಿ. ಅದರಲ್ಲಿ ವಧೂವರರಿಬ್ಬರ ತಂದೆತಾಯಿಯ ಹೆಸರಿರುತ್ತದೆ, ತಾಯಿಯದು ತವರಿನ ಹೆಸರಲ್ಲೇ. ಅಲ್ಲಿನ ಕಾಗದಪತ್ರಗಳಲ್ಲಿ ಹೆಣ್ಣುಮಕ್ಕಳು ಸಾಯುವವರೆಗೂ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು. ಹಾಗಾಗಿ ಒಂದು ಮದುವೆ ಸಿಕ್ಕರೆ ಅದರ ಹಿಂದಿನ ಎರಡು ಮದುವೆಗಳಿಗೆ ದಾರಿ ಸಿಕ್ಕಂತೆ. ಒಂದು ಎಚ್ಚರಿಕೆ: ಮರುಮದುವೆಯಾದರೆ ತಂದೆತಾಯಿಯ ಬದಲು ತೀರಿಹೋದ ಗಂಡ ಅಥವಾ ಹೆಂಡತಿಯ ಹೆಸರಷ್ಟೇ ಇರುವುದು ಸಾಮಾನ್ಯ. ಆಗ ಮೊದಲ ಮದುವೆಯನ್ನು ಹುಡುಕಲೇಬೇಕು.

ಪುಟಗಳ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಹಳೆಯ ಕಾಲಕ್ಕೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜನಸಂಖ್ಯಾ ಇತಿಹಾಸ ಸಂಶೋಧನಾ ಯೋಜನೆಯಾದ ಪಿಆರ್‌ಡಿಎಚ್ ದತ್ತಾಂಶ ಹೆಚ್ಚು ನಂಬಿಕೆಯದು.

ಅಡ್ಡಹೆಸರುಗಳ ಪಟ್ಟಿ ಮಾಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. 'ಗಾರೊ ದಿ ಸೇಂತೋಂಜ್' ಎಂದು ಬರೆದಿದ್ದರೆ, ಆ 'ದಿ' ನಮ್ಮ ಕೋರ್ಟು ಕಾಗದಗಳಲ್ಲಿ 'ಉರುಫ್' ಎಂದು ಬರೆದ ಹಾಗೆ. ಮನೆತನ ಗಾರೊ, ಕರೆಯುವುದು ಸೇಂತೋಂಜ್, ಅಂದರೆ ಫ್ರಾನ್ಸಿನ ಆ ಸೀಮೆಯವನು. 1665ರಲ್ಲಿ ಬಂದಿಳಿದ ಕರಿನ್ಯಾನ್-ಸಾಲಿಯೇರ್ ದಳದಂಥ ಪಡೆಗಳ ಸಿಪಾಯಿಗಳಿಗೆ ಲಾಫ್ಲೂರ್, ಸಾಂಸುಸಿ, ಜೋಲಿಕರ್ ಎಂಬಂಥ ಪಡೆಯ ಹೆಸರುಗಳಿದ್ದವು. ಅವು ಮಕ್ಕಳು ಮೊಮ್ಮಕ್ಕಳಿಗೂ ಇಳಿದವು. ಅಣ್ಣ ಮೂಲ ಹೆಸರು, ತಮ್ಮ ಅಡ್ಡಹೆಸರು ಹಿಡಿದದ್ದೂ ಉಂಟು. ಉಚ್ಚಾರದಲ್ಲಿ ಸವೆದ ಹೆಸರುಗಳದು ಬೇರೆ ಕತೆ: 1634ರಲ್ಲಿ ಪೆರ್ಶ್ ಸೀಮೆಯಿಂದ ಬಂದ ಗಾರೆಯವ ಜಾನ್ ಗೀಯೊನ ವಂಶದಲ್ಲೇ ಮುಂದೆ ದಿಯೋನ್ ಎಂಬ ಹೆಸರು ಬಂತು. ಗಾಯಕಿ ಸೆಲಿನ್ ದಿಯೋನ್ ಇದೇ ವಂಶದವರು.

ಅಮೆರಿಕಕ್ಕೆ ವಲಸೆ ಹೋದವರಾದರೆ ಹೆಸರು ಇಂಗ್ಲಿಷಿಗೆ ತಿರುಗಿರಬಹುದು: ಬ್ವಾವೇರ್ ಗ್ರೀನ್‌ವುಡ್ ಆದ, ರ್ವಾ ಕಿಂಗ್ ಆದ, ಲಬ್ಲಾನ್ ವೈಟ್ ಆದ. ಪ್ರತಿ ಮನೆತನಕ್ಕೂ ಒಂದು ಹಾಳೆ ತೆಗೆದು ಎಲ್ಲ ರೂಪಗಳನ್ನೂ ಬರೆದಿಡಿ, ಪ್ರತಿಯೊಂದರಲ್ಲೂ ಹುಡುಕಿ.

ದೀಕ್ಷಾಸ್ನಾನದ ಹೆಸರು ನೋಡಿ ಮೋಸಹೋಗಬೇಡಿ

19ನೇ ಶತಮಾನದ ಪುಸ್ತಕಗಳಲ್ಲಿ ಗಂಡುಮಕ್ಕಳೆಲ್ಲ ಜೋಸೆಫ್, ಹೆಣ್ಣುಮಕ್ಕಳೆಲ್ಲ ಮರಿ (ನಮ್ಮ ಮೇರಿ) ಎಂದೇ ಕಾಣುತ್ತಾರೆ. ಅದು ಭಕ್ತಿಯ ಹೆಸರು. ನಡುವಿನದು ಹಲವು ಸಲ ಜ್ಞಾನಪಿತ ಅಥವಾ ಜ್ಞಾನಮಾತೆಯದು, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತವರದು. ಮನೆಯಲ್ಲಿ ಕರೆಯುತ್ತಿದ್ದದ್ದು ಸಾಮಾನ್ಯವಾಗಿ ಕೊನೆಯದನ್ನು. ಜೋಸೆಫ್ ಲೂಯಿ ಅದೆಲಾರ್ ಎಂಬ ಮಗು ಮದುವೆಯ ಹೊತ್ತಿಗೆ ಬರೀ ಅದೆಲಾರ್. ಮಗು ತೀರಿಕೊಂಡರೆ ಅದರ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದರು. ಒಂದೇ ದಂಪತಿಗೆ ಇಬ್ಬರು ಪಿಯೇರ್ ಕಂಡರೆ ಮೊದಲನೆಯವನ ಮರಣ ದಾಖಲೆ ಹುಡುಕಿ. ಇಲ್ಲದಿದ್ದರೆ ಬದುಕಿಲ್ಲದ ಮಗುವಿಗೆ ಮದುವೆ ಮಾಡಿಸಿದಂತಾಗುತ್ತದೆ.

ಮೂಲ ಪುಟವನ್ನೇ ಓದಿ

ಸೂಚಿಯನ್ನಷ್ಟೇ ನಂಬಿದರೆ ತಿಂಗಳು ತಪ್ಪುತ್ತದೆ. ಪಾದ್ರಿಗಳು ಸೆಪ್ಟೆಂಬರನ್ನು '7ಬ್ರ', ಅಕ್ಟೋಬರನ್ನು '8ಬ್ರ', ನವೆಂಬರನ್ನು '9ಬ್ರ' ಎಂದು ಗೀಚುತ್ತಿದ್ದರು. ಸೂಚಿ ತಯಾರಿಸುವವರು 7 ಕಂಡು ಜುಲೈ ಎಂದುಬಿಡುತ್ತಾರೆ. ಸಾಕ್ಷಿಗಳ ಹೆಸರನ್ನೂ ಬಿಡದೆ ಬರೆದುಕೊಳ್ಳಿ, ಹಲವರು ಸೋದರಮಾವ, ಚಿಕ್ಕಪ್ಪಂದಿರೇ ಆಗಿರುತ್ತಾರೆ.

ಚರ್ಚಿನ ಪುಟ ಹರಿದಿದ್ದರೆ ನೋಟರಿಯ ಕಡತಕ್ಕೆ ಹೋಗಿ. ಚರ್ಚಿನ ಮದುವೆಗೆ ಮೊದಲೇ ನೋಟರಿಯ ಮುಂದೆ ಮದುವೆ ಕರಾರು ಬರೆಸುವ ರೂಢಿ ಇತ್ತು. ವಲಸೆ ಬಂದ ಮೊದಲಿಗನ ಮದುವೆ ದಾಖಲೆಯಲ್ಲಿ ಫ್ರಾನ್ಸಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ) ಮತ್ತು ಡಯಾಸಿಸ್ (ಬಿಷಪ್ಪರ ಆಡಳಿತ ಪ್ರದೇಶ) ಹೆಸರು ಬರೆದಿರುವುದು ಸಾಮಾನ್ಯ. ಆ ಊರು ಈಗ ಯಾವ ಜಿಲ್ಲೆಗೆ ಸೇರಿದೆ ನೋಡಿ, ಆ ಜಿಲ್ಲಾ ದಾಖಲೆ ಕಚೇರಿಯ ತಾಣದಲ್ಲಿ ಅವನ ದೀಕ್ಷಾಸ್ನಾನದ ಪುಟ ಹುಡುಕಿ. ಅಲ್ಲಿ ಹುಡುಕಬೇಕಾದದ್ದು ಮೂಲ ಮನೆತನದ ಹೆಸರಿನಲ್ಲಿ ಮಾತ್ರ. ಪಡೆಯ ಹೆಸರು ಅವನಿಗೆ ಅಂಟಿದ್ದು ಹುಟ್ಟಿದ ಎಷ್ಟೋ ವರ್ಷಗಳ ಮೇಲೆ.