ಮಲೆನಾಡಲ್ಲಿ ಬಾಲ್ ಪೈಥಾನ್ ಸಾಕೋದಾದ್ರೆ

ಮೊದ್ಲೇ ಹೇಳ್ಬಿಡ್ತೀನಿ, ಅಡಿಕೆ ತೋಟದಲ್ಲಿ ಸಿಕ್ಕಿದ ಹೆಬ್ಬಾವಿನ ಮರಿ ತಂದು ಸಾಕೋ ಮಾತೇ ಬೇಡ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿರೋ ಪ್ರಾಣಿ, ಕಂಡ್ರೆ ಫಾರೆಸ್ಟ್‌ನವರಿಗೆ ಫೋನ್ ಮಾಡಿ. ನಾನು ಹೇಳ್ತಿರೋದು ಆಫ್ರಿಕಾ ಮೂಲದ ಬಾಲ್ ಪೈಥಾನ್ ಅನ್ನೋ ಸಣ್ಣ ಜಾತಿ ಹೆಬ್ಬಾವಿನ ಬಗ್ಗೆ, ಬೆಳೆದ್ರೂ ನಾಲ್ಕೈದು ಅಡಿ ಅಷ್ಟೇ, ಆದ್ರೆ 20-30 ವರ್ಷ ಬದುಕುತ್ತೆ. ಇದನ್ನೂ ಕೇಂದ್ರ ಸರ್ಕಾರದ 2024ರ ರೂಲ್ಸ್ ಪ್ರಕಾರ ತಂದ 30 ದಿನದೊಳಗೆ ಪರಿಸರ ಇಲಾಖೆಯ ಪರಿವೇಶ್ ಅನ್ನೋ ಆನ್‌ಲೈನ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡ್ಬೇಕು, ಮಾರೋರ ಹತ್ರ ದಾಖಲೆ ಇಲ್ಲ ಅಂದ್ರೆ ಹಾವು ಎಷ್ಟೇ ಚಂದ ಇರ್ಲಿ, ಬರಿಗೈಲಿ ವಾಪಸ್ ಬನ್ನಿ.

ಈಗ ನಮ್ಮ ಕಡೆಯ ಅಸಲಿ ಸಮಸ್ಯೆ. ವಿಡಿಯೋಗಳಲ್ಲಿ ಹಾವಿಡೋ ಬಾಕ್ಸೊಳಗೆ ದಿನಾ ನೀರು ಸ್ಪ್ರೇ ಮಾಡಿ ಅಂತಾರೆ, ಅದು ಒಣ ಹವೆ ಇರೋ ಊರಿಗೆ ಸರಿ. ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಬೀರುವಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಅಲ್ಲಿ ಸ್ಪ್ರೇ ಮಾಡಿದ್ರೆ ಹೊಟ್ಟೆ ಕೆಳಗಿನ ಚರ್ಮ ಕೊಳೆಯುತ್ತೆ, ಥಂಡಿಯೂ ಸೇರಿದ್ರೆ ಶ್ವಾಸಕೋಶಕ್ಕೆ ಸೋಂಕು. ಹಾವಿಗೆ ಬೇಕಾಗಿರೋ ಗಾಳಿಯ ತೇವಾಂಶ 60-70 ಪರ್ಸೆಂಟ್. ಮಳೆಗಾಲದಲ್ಲಿ ಅದನ್ನ ಇಳಿಸೋ ದಾರಿ ಅಂದ್ರೆ ಬೆಚ್ಚಗಿಡೋದು, ಗಾಳಿ ಬಿಸಿಯಾದ್ರೆ ಅಷ್ಟೇ ನೀರಿನಂಶ ಇದ್ರೂ ಪರ್ಸೆಂಟೇಜ್ ತಾನಾಗೇ ಕಮ್ಮಿ ಆಗುತ್ತೆ. ಜೊತೆಗೆ ಬಾಕ್ಸಿಗೆ ಎರಡೂ ಕಡೆ ಗಾಳಿ ತೂತು, ಕೆಳಗೆ ತೆಂಗಿನ ನಾರಿನ ಪುಡಿ ಬದಲು ನ್ಯೂಸ್‌ಪೇಪರ್, ಒದ್ದೆ ಆದ ಕೂಡ್ಲೇ ಬದಲಾಯಿಸಿ. ನಾರಿನ ಪುಡಿ ಬೇಸಿಗೆಗೆ ಇಟ್ಕೊಳ್ಳಿ.

ಬಾಕ್ಸಿನ ಒಂದು ಕಡೆ 31-32 ಡಿಗ್ರಿ, ಇನ್ನೊಂದು ಕಡೆ 25-27, ಎರಡೂ ಕಡೆ ಅಡಗಿ ಕೂರೋಕೆ ಬಿಗಿಯಾದ ಗೂಡು. ಬಾಕ್ಸ್ ಬಿಸಿ ಮಾಡೋ ಹೀಟ್ ಪ್ಯಾಡನ್ನ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಸಾಧನ) ಇಲ್ದೆ ಹಾಕ್ಲೇಬೇಡಿ, ಹಾವಿಗೆ ಸುಡ್ತಿರೋದು ಗೊತ್ತೇ ಆಗಲ್ಲ ಅನ್ನೋ ಹಾಗೆ ಅಲ್ಲೇ ಮಲಗಿರುತ್ತೆ. ಕರೆಂಟ್ ಹೋಗೋದು ನಮಗೆ ಹೊಸದಲ್ಲ, ಸಣ್ಣ ಪ್ಯಾಡ್ ಎಳೆಯೋದು ಒಂದು ಬಲ್ಬಿನಷ್ಟೇ, ಅದನ್ನ ಇನ್ವರ್ಟರ್ ಲೈನಿಗೆ ಹಾಕಿಸಿ, ಇನ್ವರ್ಟರೂ ಕೈ ಕೊಟ್ರೆ ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಟವೆಲ್ ಸುತ್ತಿ ಒಳಗಿಡಿ.

ಊಟಕ್ಕೆ ಸಾಕಿದ ಬಿಳಿ ಇಲಿ, ಸತ್ತಿದ್ದು, ಹಾವಿನ ಹೊಟ್ಟೆಯಷ್ಟೇ ದಪ್ಪ ಇರ್ಲಿ. ಮರಿಗೆ ವಾರಕ್ಕೊಂದು, ದೊಡ್ಡದಕ್ಕೆ ಎರಡು-ಮೂರು ವಾರಕ್ಕೊಂದು. ಅಟ್ಟದಲ್ಲಿ ಹಿಡಿದ ಇಲಿ ಬೇಡ, ಪಾಷಾಣ ತಿಂದಿರಬಹುದು. ತಿಂದ ಮೇಲೆ ಎರಡು ದಿನ ಮುಟ್ಬೇಡಿ, ಕಕ್ಕಿಬಿಡುತ್ತೆ. ಚಳಿಗಾಲದಲ್ಲಿ ಕೆಲವು ಹಾವು ತಿಂಗಳುಗಟ್ಟಲೆ ತಿನ್ನೋದೇ ಇಲ್ಲ, ಗಾಬರಿ ಬೇಡ, ಅಡುಗೆ ತಕ್ಕಡೀಲಿ ತೂಕ ನೋಡ್ತಾ ಇರಿ, ತೂಕ ಬೀಳದಿದ್ರೆ ಸಾಕು. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದ್ರೆ ಪೊರೆ ಬಿಡೋ ಹೊತ್ತು, ಆಗ್ಲೂ ಎತ್ಬೇಡಿ.

ಬಾಯಿ ತೆರೆದು ಉಸಿರಾಡೋದು, ಗೊರಗೊರ ಸದ್ದು, ಬಾಯಲ್ಲಿ ಗುಳ್ಳೆ ಬರೋದು ಕಂಡ್ರೆ ಒಂದು ದಿನಾನೂ ಕಾಯ್ಬೇಡಿ. ಎಲ್ಲ ಪಶು ಡಾಕ್ಟರೂ ಹಾವು ನೋಡಲ್ಲ, ಅದಕ್ಕೆ ತರೋಕೆ ಮುಂಚೆನೇ ಯಾರು ನೋಡ್ತಾರೆ ಅಂತ ವಿಚಾರಿಸಿ ನಂಬರ್ ಬರೆದಿಟ್ಕೊಳ್ಳಿ. ಬಾಕ್ಸಿಗೆ ಚಿಲಕ ಹಾಕೋದು ಮರೀಬೇಡಿ, ಹಂಚಿನ ಮನೇಲಿ ಜಂತಿ ಸಂದಿಗೆ ಹೋಯ್ತು ಅಂದ್ರೆ ಹುಡುಕೋದು ಬಹಳ ಕಷ್ಟ.