ಮನೆಯಲ್ಲೇ ರಜೆ: ಬಲಿಪೂಜೆ ಮುಗಿಸಿ ಅಲ್ಲಿಂದಲೇ ಹೊರಡಿ

ರಜೆಯನ್ನು ಶಿವಮೊಗ್ಗದ ಮನೆಯಲ್ಲೇ ಕಳೆಯುವವರು ವಾರದ ದಿನಗಳಲ್ಲೂ ಚರ್ಚಿನಲ್ಲಿ ಬೆಳಗಿನ ಬಲಿಪೂಜೆಗೆ (ಮಾಸ್) ಹೋಗಿ, ಅದು ಮುಗಿದ ಮೇಲೆ ಮನೆಗೆ ಮರಳದೆ ಅಲ್ಲಿಂದಲೇ ಅಂದಿನ ವಿಹಾರಕ್ಕೆ ಹೊರಡಬೇಕು. ಒಮ್ಮೆ ಮನೆ ಹೊಕ್ಕರೆ ನೆನೆಹಾಕಿದ ಬಟ್ಟೆ, ತೊಳೆಯದ ಪಾತ್ರೆಗಳು ಕೈ ಹಿಡಿದು ನಿಲ್ಲಿಸುತ್ತವೆ; ಪ್ರಾರ್ಥನೆಯಿಂದ ಹಗುರಾದ ಮನಸ್ಸು ಮತ್ತೆ ಕೆಲಸದ ಲೆಕ್ಕಕ್ಕೆ ಇಳಿಯುತ್ತದೆ. ಬುತ್ತಿಯಲ್ಲಿ ಕಡುಬು, ಚಟ್ನಿ ಇದ್ದರೆ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲು ಬಿಡಾರಕ್ಕೆ ಆನೆಗಳ ಸ್ನಾನದ ಹೊತ್ತಿಗೆ ಆರಾಮವಾಗಿ ತಲುಪಬಹುದು. ತುಂಗೆಯ ಹಿನ್ನೀರಿನಲ್ಲಿ ಮಗ್ಗುಲಾಗಿ ಮಲಗಿದ ಆನೆಯ ಬೆನ್ನನ್ನು ಮಾವುತರು ಉಜ್ಜುವುದನ್ನು ಮಕ್ಕಳು ಕಣ್ಣು ಕೀಳದೆ ನೋಡುತ್ತಾರೆ. ಭಾನುವಾರದ ಜನಸಂದಣಿಯಲ್ಲಿ ಈ ನೆಮ್ಮದಿ ಸಿಗದು. ಆಷಾಢದ ಜಡಿಮಳೆಯಲ್ಲಂತೂ ಇದು ನಡೆಯುವುದೇ ಇಲ್ಲ. ಅಂಥ ದಿನ ಪೂಜೆ ಮುಗಿಸಿ ಮನೆಗೆ ಬಂದು, ಕೇರಂ ಹಲಗೆ ಹರಡಿ ಕುಳಿತುಕೊಳ್ಳುವುದೇ ಸರಿ.